ಕ್ಲಚ್ಚಿನ ಮೇಲಿನ ಕಬ್ಬಿಣ

ನನ್ನ ಸೋದರಮಾವ ಹಳೇ ಕಾರುಗಳ ತಗಡು ತಟ್ಟುವವನು. ಪೇಟೆಯಲ್ಲಿ ಅವನಿಗೆ ಮಿಲಿಮೀಟರ್ ಮೇಸ್ತ್ರಿ ಎಂದೇ ಹೆಸರು. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಗೋಡೆಯ ಮೇಲೆ ಫೋಟೋ ಸೊಟ್ಟಗಿದ್ದರೆ ಮಾತಿನ ಮಧ್ಯೆಯೇ ಎದ್ದುಹೋಗಿ ನೆಟ್ಟಗೆ ಮಾಡುತ್ತಾನೆ, ಬೇರೆಯವರ ಮನೆಯಲ್ಲೂ. ಅತ್ತೆಗೆ ಇದರಿಂದಾದ ಮುಜುಗರಗಳನ್ನು ಬರೆದರೆ ಅದೇ ಒಂದು ಪುಸ್ತಕವಾದೀತು. ಅವನ ಶೆಡ್ಡಿನ ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರವಿದೆ. ಕಾರಿನ ಸೀಟು ಹೊಲಿಯುವುದು ನನ್ನ ಕೆಲಸ. ಮಾವನ ಗೊಣಗಾಟ ಕೇಳುವುದು ಸಂಬಳವಿಲ್ಲದ ಕೆಲಸ.

ಆ ವರ್ಷ ಒಂದು ಕಾರು ಲಾರಿ ಏರಿ ಬಂತು. ಬಾಗಿಲುಗಳನ್ನು ಹಗ್ಗದಿಂದ ಕಟ್ಟಿದ್ದರು. ಐವತ್ತು ವರ್ಷದ ಹಿಂದಿನ ಪುಟ್ಟ ದುಂಡು ಕಾರು, ಒಬ್ಬ ನಿವೃತ್ತ ನರ್ಸಮ್ಮನದು. ಹೆರಿಗೆ ಮಾಡಿಸಲು ಅವರು ಊರೆಲ್ಲ ಸುತ್ತಿದ್ದು ಅದರಲ್ಲೇ. ಎಪ್ಪತ್ತೈದು ತುಂಬಿದ ದೊಡ್ಡಮ್ಮನಿಗೆ ಉಡುಗೊರೆಯಾಗಿರಲಿ ಎಂದು ತಂಗಿಯ ಮಗ ಅದನ್ನು ಗಾಜಿನ ಗೋಡೆಗಳ ದೊಡ್ಡ ವರ್ಕ್‌ಶಾಪಿಗೆ ಕೊಟ್ಟಿದ್ದ. ಅಲ್ಲಿಂದ ಕಾರು ಮದುಮಗಳಂತೆ ಮಿಂಚುತ್ತ ಬಂತು. ಎರಡೇ ತಿಂಗಳಲ್ಲಿ ಬಣ್ಣ ಗುಳ್ಳೆ ಎದ್ದಿತು, ಬಾಗಿಲು ಮುಚ್ಚದಾಯಿತು, ಒಂದು ದಿನ ಬ್ರೇಕ್ ಒತ್ತಿದಾಗ ಮಡ್‌ಗಾರ್ಡಿನಿಂದ ಅಂಗೈ ಅಗಲದ ಚಕ್ಕೆಯೇ ಉದುರಿತು. ಮತ್ತೆ ತಾನೇ ಓಡಿಸುವಂತಾದರೆ ಸರಿ, ಇಲ್ಲದಿದ್ದರೆ ಮಾರಿಬಿಡು ಎಂದರಂತೆ ನರ್ಸಮ್ಮ. ಕೊಳ್ಳಲು ಒಂದು ಹೋಟೆಲಿನವರು ತುದಿಗಾಲಲ್ಲಿ ನಿಂತಿದ್ದರು: ಬಾಗಿಲ ಮುಂದೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ, ಹೂವಿನ ಗಿಡ ನೆಡಲು. ಇದನ್ನು ಕೇಳಿದ ಮಾವನಿಗೆ ಆ ದಿನ ಊಟ ಸೇರಲಿಲ್ಲ.

ಮಧ್ಯಾಹ್ನ ಒಂದು ಅಯಸ್ಕಾಂತ ತಂದು ಮಡ್‌ಗಾರ್ಡಿಗೆ ಹಚ್ಚಿದ. ಅದು ಜಾರಿ ಬಿತ್ತು. ತಗಡಿದ್ದರೆ ತಾನೇ ಅಂಟುವುದು? ತುಕ್ಕು ತಿಂದ ತೂತುಗಳಿಗೆ ಹಳೇ ದಿನಪತ್ರಿಕೆ ತುರುಕಿ, ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೈತೊಳೆದುಕೊಂಡಿದ್ದರು. ಹೊರತೆಗೆದ ಒಂದು ಹಾಳೆಯಲ್ಲಿ ಅರ್ಧ ತುಂಬಿಸಿದ ಪದಬಂಧವಿತ್ತು. ಆ ವರ್ಕ್‌ಶಾಪಿನವರ ಜನ್ಮ ಜಾಲಾಡುತ್ತಲೇ ಮಾವ ಆರು ವಾರ ದುಡಿದ. ಪುಟ್ಟಿಯೆಲ್ಲ ಕೆರೆದು, ಹೊಸ ತಗಡು ಕತ್ತರಿಸಿ, ತಟ್ಟಿ, ಬೆಸೆದ. ತಟ್ಟಿದ ಮೇಲೆ ಅಂಗೈ ಕೆಳಗೆ ಹಳೇ ಬನಿಯನ್ ತುಂಡು ಇಟ್ಟುಕೊಂಡು, ಕಣ್ಣು ಮುಚ್ಚಿ ಸವರುತ್ತಾನೆ. ಬರಿಗೈಗಿಂತ ಬಟ್ಟೆಯಡಿಯ ಕೈಗೇ ಉಬ್ಬುತಗ್ಗು ಚೆನ್ನಾಗಿ ತಿಳಿಯುತ್ತದಂತೆ.

ಐದನೇ ವಾರ ಸೀಟು ಕೂರಿಸಲು ಹೋದಾಗ, ಕ್ಲಚ್ ಪೆಡಲಿನ ಮೇಲೆ ಎರಡಿಂಚು ಎತ್ತರದ ಕಬ್ಬಿಣದ ತುಂಡೊಂದನ್ನು ಬೆಸೆದಿರುವುದು ಕಂಡಿತು. ಗಂಟುಗಂಟಾದ ಬೆಸುಗೆ, ಅದರ ಮೇಲೆ ಹೊಚ್ಚಹೊಸ ಕಪ್ಪು ಬಣ್ಣ. ಇದ್ಯಾಕೆ ಇದೆಯೋ, ನರ್ಸಮ್ಮನವರನ್ನೊಮ್ಮೆ ಕೇಳೋಣವೇ ಎಂದೆ. ಆ ಪುಟ್ಟಿ ಮೆತ್ತಿದವರ ಘನಕಾರ್ಯಕ್ಕೆ ಕಾರಣ ಬೇರೆ ಹುಡುಕಬೇಕೇ, ನಿನ್ನ ಸೀಟು ನೀನು ನೋಡಿಕೋ ಎಂದ ಮಾವ. ಹತ್ತೇ ನಿಮಿಷದಲ್ಲಿ ಅದನ್ನು ಕತ್ತರಿಸಿ, ಪೆಡಲನ್ನು ಉಜ್ಜಿ, ಕಂಪನಿಯಿಂದ ಬಂದ ಹಾಗೆ ಮಾಡಿದ. ತುಂಡು ಗುಜರಿ ಸೇರಿತು, ಆ ಶನಿವಾರವೇ ಗುಜರಿಯೆಲ್ಲ ಲಾರಿ ಹತ್ತಿ ಹೋಯಿತು. ನಾನು ಬಾಯಿ ಮುಚ್ಚಿಕೊಂಡೆ. ಅದಕ್ಕೆ ಈಗಲೂ ನನಗೆ ನನ್ನ ಮೇಲೇ ಸಿಟ್ಟಿದೆ.

ಕಾರು ಒಯ್ಯಲು ನರ್ಸಮ್ಮ ತಂಗಿಯ ಮಗನ ಜೊತೆ ಬೆಳಿಗ್ಗೆಯೇ ಬಂದರು. ನಾವು ಅವರನ್ನು ನೋಡಿದ್ದು ಅದೇ ಮೊದಲು. ಸ್ವಲ್ಪ ಕುಂಟುತ್ತಿದ್ದರು, ಎಡಗಾಲಿನ ಚಪ್ಪಲಿಯ ಅಟ್ಟೆ ಬಲಗಾಲಿನದಕ್ಕಿಂತ ಬಹಳ ದಪ್ಪ. ಮಾವ ಕಿರುಬೆರಳಿನಿಂದ ಬಾಗಿಲು ಮುಚ್ಚಿ ತೋರಿಸಿದ. ಅವರ ಮುಖ ಅರಳಿತು. ಒಳಗೆ ಕೂತು, ಓಡಿಸುವಾಗಿನ ರೂಢಿಯಂತೆ ಚಪ್ಪಲಿ ಬಿಟ್ಟು, ಕಾಲು ಚಾಚಿದರು. ಎಡಗಾಲು ಗಾಳಿಯಲ್ಲೇ ಉಳಿಯಿತು. ಮುಂದೆ ಸರಿದರು, ಇನ್ನೂ ಸರಿದರು. ಗದ್ದ ಸ್ಟೀರಿಂಗಿಗೆ ತಾಗಿತೇ ಹೊರತು ಕಾಲಿಗೆ ಪೆಡಲ್ ಸಿಗಲಿಲ್ಲ. ಇಳಿದು ಚಪ್ಪಲಿ ಮೆಟ್ಟಿಕೊಂಡರು.

"ತುಂಬಾ ಚೆನ್ನಾಗಿ ಮಾಡಿದೀಯಪ್ಪ" ಎಂದು ಮಾವನಿಗೆ ಹೇಳಿ, ತಂಗಿಯ ಮಗನ ಕಡೆ ತಿರುಗಿದರು. "ಆ ಹೋಟೆಲಿನವರಿಗೆ ಬರೋಕೆ ಹೇಳಿಬಿಡು."

ಮಾವ ಆ ಚಪ್ಪಲಿ ನೋಡಿದ, ಪೆಡಲ್ ನೋಡಿದ. ತನ್ನ ಮದುವೆಗೇ ತಡವಾಗಿ ಬಂದು ಗಡಿಯಾರವನ್ನು ಬೈದವನು ನಮ್ಮ ಮಾವ. ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ.

"ಅಮ್ಮಾ, ಅಲ್ಲಿದ್ದ ಕಬ್ಬಿಣ ಕತ್ತರಿಸಿದ್ದು ನಾನೇ. ಆ ವರ್ಕ್‌ಶಾಪಿನವರ ಕೆಲಸ ಅಂದ್ಕೊಂಡೆ. ನಿಮ್ಮನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪಾಯ್ತು."

ನರ್ಸಮ್ಮ ನನ್ನ ಸ್ಟೂಲಿನ ಮೇಲೆ ಕೂತರು. ಆ ತುಂಡು ಎಲ್ಲಿ ಎಂದು ಕೇಳಿದರು. ಗುಜರಿಗೆ ಹೋಯಿತು ಎಂದೆ.

"ನಮ್ಮ ಯಜಮಾನ್ರು ಮಾಡಿಕೊಟ್ಟಿದ್ದು ಅದು. ಗುಮಾಸ್ತರು, ಬೆಸುಗೆ ಕಲ್ತಿದ್ದೇ ನನಗೋಸ್ಕರ. ಆದ್ರೆ ಅರ್ಧ ಇಂಚು ಗಿಡ್ಡ ಆಗಿಹೋಗಿತ್ತು. ನಲವತ್ತು ವರ್ಷ ಸೊಂಟ ನೋಯ್ತು. ಅವರಿಗೆ ಬೇಜಾರಾಗತ್ತೆ ಅಂತ ಕೊನೇವರೆಗೂ ಹೇಳ್ಲಿಲ್ಲ." ಆಮೇಲೆ ನಕ್ಕುಬಿಟ್ಟರು. "ನೀನಾದ್ರೂ ಸರಿಯಾಗಿ ಅಳತೆ ತಗೋ."

ಮಾವ ಮಂಡಿಯೂರಿ ಮೂರು ಸಲ ಅಳೆದ. ಮಧ್ಯಾಹ್ನದೊಳಗೆ ಹೊಸ ತುಂಡು ಪೆಡಲಿನ ಮೇಲಿತ್ತು, ಬೆಸುಗೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ನುಣುಪು. ನರ್ಸಮ್ಮ ಗೇರ್ ಹಾಕಿದ ರಭಸಕ್ಕೆ ತಂಗಿಯ ಮಗ ಗೋಡೆಗೆ ಅಂಟಿಕೊಂಡ. ಬೇಕರಿ ದಾಟಿ, ನೀರಿನ ಟ್ಯಾಂಕಿನ ಹತ್ತಿರ ತಿರುಗಿಸಿಕೊಂಡು, ಶೆಡ್ಡಿನ ಮುಂದೆ ಬಂದು ನಿಲ್ಲಿಸಿದರು. ಆದರೆ ಇಳಿಯಲಿಲ್ಲ.

ಕಾಲಿಗೆ ಪೆಡಲ್ ಸಿಗುತ್ತದೆಯೇ ಎಂದು ಮಾವ ಕೇಳಿದ. ಸಿಗುತ್ತದೆ ಎಂದರು. ಸೊಂಟ? ಒಂದು ಚೂರೂ ನೋವಿಲ್ಲ ಎನ್ನುವಾಗ ಅವರ ಕಣ್ಣು ತುಂಬಿತ್ತು.

"ಅರ್ಧ ಇಂಚು ಕತ್ತರಿಸ್ತೀಯಾ?"

ಮಾವ ಏಕೆಂದು ಕೇಳಲಿಲ್ಲ. ಗರಗಸ ತಂದ, ಅಳತೆಪಟ್ಟಿ ಹಿಡಿದು ಗೆರೆ ಎಳೆದ, ಸರಿಯಾಗಿ ಅರ್ಧ ಇಂಚು ಕತ್ತರಿಸಿದ. ನರ್ಸಮ್ಮ ಮತ್ತೆ ಕೂತು, ಕಾಲಿಗೆ ಪೆಡಲ್ ಸಿಗುವಷ್ಟು ಮುಂದಕ್ಕೆ ಸರಿದು, ಕಾರು ಓಡಿಸಿಕೊಂಡು ಮನೆಗೆ ಹೋದರು.