ಜಾವಾ ಪ್ರೋಗ್ರಾಮಿಗೊಂದು ಬಾಡಿಗೆ ಮನೆ

ಗುಡುಗಿನ ಸದ್ದು ಕಿವಿಗೆ ಬಿದ್ದರೆ ಸಾಕು, ಅರಸೀಕೆರೆಯ ನಮ್ಮ ಮನೆಯಲ್ಲಿ ಅತ್ತೆ ಎದ್ದು ನಿಲ್ಲುತ್ತಾರೆ. ಟಿವಿ, ಫ್ರಿಜ್, ಮಿಕ್ಸಿ, ನೀರಿನ ಫಿಲ್ಟರ್, ಎಲ್ಲದರ ಪ್ಲಗ್ಗೂ ಕಿತ್ತು, ವೈರು ಸುತ್ತಿ ಪಕ್ಕಕ್ಕಿಡುತ್ತಾರೆ. ಹಾರನಹಳ್ಳಿಯ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸಿಡಿಲಿಗೆ ಪಕ್ಕದ ಮನೆಯ ಟಿವಿ ಸುಟ್ಟಿದ್ದನ್ನು ಕಣ್ಣಾರೆ ಕಂಡವರು. ಅವರೊಡನೆ ವಾದ ಮಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ. ನನ್ನ ಗಂಡ ಆ ಪ್ರಯತ್ನವನ್ನು ಮದುವೆಗೆ ಮುಂಚೆಯೇ ಬಿಟ್ಟಿದ್ದರಂತೆ.

ಇಂಥ ಮನೆಯ ಹಾಲಿನ ಮೂಲೆಯಲ್ಲಿ, ಹಳೆಯ ಕಂಪ್ಯೂಟರೊಂದರಲ್ಲಿ, ನಾನು ಬರೆದ ಜಾವಾ ಪ್ರೋಗ್ರಾಮು ಹಗಲು ರಾತ್ರಿ ಓಡುತ್ತಿತ್ತು. ಅದನ್ನು ಬರೆದದ್ದು ನನ್ನ ಅಕ್ಕನಿಗಾಗಿ. ಅಕ್ಕ ಹಗರೆಯಲ್ಲಿ ದನದ ಡಾಕ್ಟರು. ಬೇಲೂರು, ಹಳೇಬೀಡು ಎರಡೂ ಕಡೆಯ ಹಳ್ಳಿಗಳಿಗೆ ಸ್ಕೂಟರಿನಲ್ಲಿ ತಿರುಗುತ್ತಾಳೆ. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ತಿರುಗಿಸುವವಳಿಗೆ ಫೋನು ಎತ್ತಲು ಎಲ್ಲಿಯ ಕೈ?

ಹಾಗೆ ಎತ್ತದೇ ಹೋದ ಒಂದು ಫೋನು ಬಸ್ತಿಹಳ್ಳಿಯ ಮನೆಯೊಂದರದು. ಅವರ ಕಡಸು ಮೊದಲ ಸಲ ಈಯಲಾರದೆ ಒದ್ದಾಡುತ್ತಿತ್ತು. ಅಕ್ಕ ಆ ಕರೆಯನ್ನು ಗಮನಿಸುವ ಹೊತ್ತಿಗೆ ಬೇಲೂರಿನ ದಾರಿ ಹಿಡಿದಾಗಿತ್ತು. ತಿರುಗಿ ಓಡಿದರೂ ಕಡಸೂ ಉಳಿಯಲಿಲ್ಲ, ಕರುವೂ ಉಳಿಯಲಿಲ್ಲ. ಆ ಮನೆಯಾಕೆ ಒಂದು ಮಾತೂ ಅನ್ನದೆ, ಬಂದವರಿಗೆ ಕೊಡುವ ಹಾಗೆ ಕಾಫಿ ಕೊಟ್ಟರಂತೆ. ಬೈದಿದ್ದರೆ ಚೆನ್ನಾಗಿತ್ತು ಅಂದಳು ಅಕ್ಕ.

"ಆ ಕಾಫಿ ಇನ್ನೂ ಗಂಟಲಲ್ಲೇ ಐತೆ ಕಣೇ."

ನಾನು ಪಾಲಿಟೆಕ್ನಿಕ್ಕಿನಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಪಾಠ ಮಾಡುವವಳು. ಸಮಾಧಾನ ಹೇಳಲು ಬರುವುದಿಲ್ಲ, ಪ್ರೋಗ್ರಾಮು ಬರೆಯಲು ಬರುತ್ತದೆ. ರೈತರು ಮೊಬೈಲಿನಲ್ಲಿ ಊರು, ಮನೆಯ ಹೆಸರು, ದನದ ತೊಂದರೆ ಇಷ್ಟನ್ನು ಒತ್ತಿದರೆ ಸಾಕು. ಪ್ರಾಣಕ್ಕೆ ಬಂದದ್ದು ಯಾವುದು, ಕಾಯಬಹುದಾದದ್ದು ಯಾವುದು ಎಂದು ವಿಂಗಡಿಸಿ, ಅಕ್ಕ ಮುಂದೆ ಹಿಡಿಯಬೇಕಾದ ದಾರಿಯನ್ನು ಅದು ತೋರಿಸುತ್ತದೆ. ಕೈ ತೊಳೆದು ಒಮ್ಮೆ ನೋಡಿದರೆ ಮುಗಿಯಿತು. ಅಕ್ಕ ಹೇಳಿದ್ದು ಒಂದೇ ಮಾತು, ನಂಬಿಕೊಂಡ ಮೇಲೆ ಇದು ಕೈ ಕೊಡಬಾರದು.

ಮುಂಗಾರಿಗೆ ಮುಂಚಿನ ಮೊದಲ ಗುಡುಗಿಗೇ ಅದು ಕೈ ಕೊಟ್ಟಿತು. ಏನೂ ಕಾಣಿಸುತ್ತಿಲ್ಲವೆಂದು ಅಕ್ಕ ಕಾಲೇಜಿಗೆ ಫೋನು ಮಾಡಿದಳು. ಮನೆಗೆ ಓಡಿ ಬಂದು ನೋಡಿದರೆ ಕಂಪ್ಯೂಟರಿನ ವೈರು ಮಿಕ್ಸಿಯ ವೈರಿನ ಪಕ್ಕದಲ್ಲಿ ನೀಟಾಗಿ ಸುತ್ತಿಕೊಂಡು ಮಲಗಿತ್ತು. ಮೈ ಉರಿದುಹೋಯಿತು. ಇದು ನಿಂತರೆ ಎಲ್ಲೋ ಹಸು ಸಾಯುತ್ತದೆ ಎಂದು ದನಿ ಏರಿಸಿಯೇ ಹೇಳಿದೆ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಅಷ್ಟು ಮುಖ್ಯವಾದದ್ದನ್ನ, ಗುಡುಗು ಬಂದ್ರೆ ಪ್ಲಗ್ ಕೀಳೋ ಮನೇಲಿ ಯಾಕಮ್ಮ ಇಟ್ಟಿದ್ದೀಯ?"

ಅವತ್ತೇ ಹೋಸ್ಟಿಂಗ್ ಹುಡುಕಲು ಕೂತೆ. ಅಂದರೆ ಇಂಥ ಪ್ರೋಗ್ರಾಮುಗಳನ್ನು ಸದಾ ಚಾಲೂ ಇರುವ ತಮ್ಮ ಕಂಪ್ಯೂಟರುಗಳಲ್ಲಿ ಬಾಡಿಗೆಗೆ ಇಟ್ಟುಕೊಳ್ಳುವವರನ್ನು. ಅಗ್ಗದ ಜಾಗಗಳಿಗೇನೂ ಬರವಿರಲಿಲ್ಲ, ಆದರೆ ಅವರಿಗೆ ಜಾವಾ ಅಂದರೆ ಆಗದು. ಜಾವಾಗೆ ಮೆಮೊರಿ ಜಾಸ್ತಿ ಬೇಕು, ದೊಡ್ಡ ಸಂಸಾರದ ಬಾಡಿಗೆದಾರರನ್ನು ಕಂಡಂತೆ ಮುಖ ತಿರುಗಿಸುತ್ತಾರೆ. ಒಬ್ಬರು ಒಪ್ಪಿಕೊಂಡರು. ಆದರೆ ಹತ್ತಾರು ಜನರ ಪ್ರೋಗ್ರಾಮುಗಳ ನಡುವೆ ನನ್ನದನ್ನೂ ತುರುಕಿ, ಪಕ್ಕದವರದು ಕೆಟ್ಟಾಗಲೆಲ್ಲ ನನ್ನದನ್ನೂ ಬೀಳಿಸಿದರು. ಇನ್ನೊಂದು ಪುಕ್ಕಟೆ ಜಾಗ. ಸ್ವಲ್ಪ ಹೊತ್ತು ಯಾರೂ ಬಾರದಿದ್ದರೆ ಅಲ್ಲಿ ಪ್ರೋಗ್ರಾಮು ನಿದ್ದೆ ಹೋಗುತ್ತದೆ, ಎಬ್ಬಿಸಿದರೆ ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ರೈತರು ಬೇಸತ್ತು ಫೋನು ಜೇಬಿಗೆ ಹಾಕಿಕೊಂಡಿರುತ್ತಾರೆ. ಅಷ್ಟು ದಿನವೂ ಅಕ್ಕ ಹಳೆಯ ಹಾಗೆಯೇ, ಅರ್ಧ ಜೀವ ಫೋನಿನಲ್ಲಿಟ್ಟುಕೊಂಡು ತಿರುಗಿದಳು.

ಸಂಜೆ ನಾನು ಮನೆಗೆ ಬಂದೊಡನೆ ಅತ್ತೆ ಕೇಳುತ್ತಿದ್ದುದು ಒಂದೇ, ಮನೆ ಸಿಕ್ಕಿತೇ ಎಂದು. ಅವರಿಗೆ ಇದು ಬಾಡಿಗೆ ಮನೆ ಹುಡುಕಾಟವಾಗಿಯೇ ಅರ್ಥವಾಗಿತ್ತು, ವರ್ಗವಾದಾಗಲೆಲ್ಲ ಮನೆ ಹುಡುಕಿದವರಲ್ಲವೇ. ಒಂದು ದಿನ ನಾನು ಹೋಸ್ಟಿಂಗ್‌ನವರೊಡನೆ ಮಾತಾಡುತ್ತಿದ್ದಾಗ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡೇಬಿಟ್ಟರು. ತರಗತಿಯಲ್ಲಿ ನಿಂತ ದನಿಯಲ್ಲಿ ಕೇಳತೊಡಗಿದರು. ಜಾಗ ನಮಗೊಬ್ಬರಿಗೋ, ವಠಾರವೋ? ನಿಂತುಹೋದರೆ ಎಬ್ಬಿಸುವವರು ಯಾರು? ಭಾನುವಾರ ಫೋನು ಎತ್ತುತ್ತೀರಾ? ಕೊನೆಗೆ, ಗುಡುಗು ಬಂದರೆ ನೀವೇನು ಮಾಡುತ್ತೀರಿ?

ಆ ಕಡೆಯಿದ್ದವರು ಕರೆ ಕತ್ತರಿಸಿದರು. ನನಗೆ ನಾಚಿಕೆ. ಅತ್ತೆ ಮಾತ್ರ, ಈ ಮನೆ ಬೇಡ ಎಂದು ಫೋನು ವಾಪಸು ಕೊಟ್ಟರು. ಮುಂದಿನವರಿಗೂ ಅದೇ ಪರೀಕ್ಷೆ, ಅದರ ಮುಂದಿನವರಿಗೂ ಅದೇ. ಕೊನೆಗೊಬ್ಬರು, ಮೈಸೂರು ಕಡೆಯ ಮಾತಿನವರು, ನಗಲಿಲ್ಲ. ನಮ್ಮಲ್ಲೂ ಗುಡುಗಿಗೆ ಹೆದರುತ್ತೇವೆ ಮೇಡಂ, ಅದಕ್ಕೇ ಎರಡು ಕಡೆಯಿಂದ ಕರೆಂಟು, ಮೇಲೊಂದು ಜನರೇಟರು ಇಟ್ಟಿದ್ದೇವೆ, ಭೂಮಿಗೆ ತಂತಿ ಇಳಿಸಿದ್ದೇವೆ ಎಂದು ಸಾವಧಾನವಾಗಿ ವಿವರಿಸಿದರು. ನಮಗೆಂದೇ ಪ್ರತ್ಯೇಕ ಸಣ್ಣ ಸರ್ವರ್ ಕಂಪ್ಯೂಟರು, ಜಾವಾ ನಾವೇ ಹಾಕಿಕೊಳ್ಳಬಹುದು ಎಂದರು. ಅತ್ತೆ ನನ್ನತ್ತ ತಿರುಗಿ ತಲೆಯಾಡಿಸಿದರು. ನಾನು ರಾಶಿ ರಾಶಿ ವಿಮರ್ಶೆ ಓದಿ ಕಾಣದ್ದನ್ನು ಈ ಹೆಂಗಸು ಒಂದು ಗುಡುಗು ಹಿಡಿದುಕೊಂಡು ಕಂಡುಕೊಂಡರಲ್ಲ ಎಂದು ನನಗೆ ಅವರ ಮೇಲೆ ಹೆಮ್ಮೆ ಉಕ್ಕಿತು. ಹೇಳಿಬಿಟ್ಟೆ ಕೂಡ. ಕಾಯಿ ತುರಿಯುವುದಿದೆ, ಬಾ ಎಂದರು.

ಪ್ರೋಗ್ರಾಮು ಹೊಸ ಮನೆ ಸೇರಿದ ವಾರದಲ್ಲೇ ಒಂದು ಮಧ್ಯಾಹ್ನ ಆಕಾಶ ಕಪ್ಪಿಟ್ಟಿತು. ಅತ್ತೆ ಎದ್ದರು. ಟಿವಿ, ಫ್ರಿಜ್, ಮಿಕ್ಸಿ ಮುಗಿಸಿ ಮೂಲೆಯ ಹಳೆಯ ಕಂಪ್ಯೂಟರಿನ ಹತ್ತಿರ ಬಂದರು. ಅದರಲ್ಲಿ ಈಗ ಏನೂ ಇಲ್ಲ, ಬಿಡಿ ಅತ್ತೆ ಅಂದೆ.

"ಇಷ್ಟು ದಿನ ದನ ಕಾಯ್ತಲ್ಲಮ್ಮ," ಎಂದು ಅದರ ಪ್ಲಗ್ಗನ್ನೂ ಕಿತ್ತರು.

ಮನೆಯೆಲ್ಲ ಕತ್ತಲೆ, ಹೊರಗೆ ಸಿಡಿಲಿನ ಆರ್ಭಟ. ಅಷ್ಟರಲ್ಲಿ, ಅಕ್ಕನಿಗೆ ಹೋಗುವ ಸುದ್ದಿಯೆಲ್ಲ ನನಗೂ ಬರುವ ಹಾಗೆ ಮಾಡಿಕೊಂಡಿದ್ದ ನನ್ನ ಮೊಬೈಲು ಬೆಳಗಿತು. ಬಸ್ತಿಹಳ್ಳಿಯಿಂದ ಸುದ್ದಿ ಬಂದಿತ್ತು, ಕರು ಅಡ್ಡ ಸಿಕ್ಕಿಕೊಂಡಿದೆಯೆಂದು. ಊರಿನ ಕೆಳಗೆ ಮನೆಯ ಹೆಸರು. ಕಡಸು ಸತ್ತ ಅದೇ ಮನೆ. ಅಕ್ಕ ನೋಡಿದಳೋ ಇಲ್ಲವೋ ಎಂದು ಮೊಬೈಲಿನ ಮೇಲೇ ಕಣ್ಣಿಟ್ಟು ಕೂತೆವು. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲಿ ಹಸಿರು ಗುರುತು ಮೂಡಿತು. ಅಕ್ಕ ಹೊರಟಿದ್ದಳು. ಅತ್ತೆ ನನ್ನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಮಳೆ ನಿಲ್ಲುವವರೆಗೂ ಕೆಳಗಿಡಲಿಲ್ಲ.

ಆಮೇಲೆ ಅಕ್ಕ ಫೋನು ಮಾಡಿದಳು. ಹೆಣ್ಣುಗರು, ತಾಯಿಯೂ ಎದ್ದು ನಿಂತು ನೆಕ್ಕುತ್ತಿದೆ ಎಂದಳು. ಹಿಂದೆ ಯಾರೋ ಹೆಂಗಸು ಏನೋ ಹೇಳುವುದು ಕೇಳುತ್ತಿತ್ತು. ಅಕ್ಕ ಅವರಿಗೆ ಹೂಂಗುಟ್ಟಿ ಫೋನಿಗೆ ತಿರುಗಿದಳು.

"ಕಾಫಿ ಕೊಡ್ತಾವ್ರೆ ಕಣೇ. ಕುಡಿದು ಬತ್ತೀನಿ."