ಕಾಲುವೆಯ ಪ್ರಾಣಿ ಮತ್ತು ಪೀರ್‌ಬೀ

ಬಳಗಾನೂರಿನ ಹೆಂಗಸರೆಲ್ಲ ಕಾಲುವೆಯ ಪ್ರಾಣಿಗೆ ಹೆದರಿ ಬಟ್ಟೆ ಒಗೆಯಲು ಹೋಗುವುದನ್ನೇ ಬಿಟ್ಟಾಗ, ಅದು ನಿಜವಾಗಿಯೂ ಇರಲಿ ಎಂದು ಬೇಡಿಕೊಂಡವಳು ಪೀರ್‌ಬೀ ಒಬ್ಬಳೇ.

ಮುಕ್ಕುಂದದಲ್ಲಿ ಹುಟ್ಟಿ ನಮ್ಮ ಓಣಿಗೆ ಸೊಸೆಯಾಗಿ ಬಂದ ಈಕೆ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಗಂಡ ಮಲೀಕಸಾಬ ಔಷಧ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದ. ಕಳೆದ ಮಳೆಗಾಲದಲ್ಲಿ, ಅವಳು ನಾಟಿಗೆ ಹೋಗಿದ್ದಾಗ, ಅವನು ಕಾಣೆಯಾದ. ವಳಕಮದಿನ್ನಿ ಕಡೆಯ ಸೇತುವೆಯ ಹತ್ತಿರ, ಕಾಲುವೆ ದಂಡೆಯ ಮೇಲೆ ಅವನ ಸೈಕಲ್ಲು ಸಿಕ್ಕಿತು. ಹೆಣ ಸಿಗಲಿಲ್ಲ. ಲಿಂಗಸುಗೂರಿನ ಯಾವಳೋ ಒಬ್ಬಳ ಜೊತೆ ಓಡಿಹೋದ ಎಂದು ಊರು ತೀರ್ಮಾನಿಸಿಬಿಟ್ಟಿತು. ಇಂಥ ತೀರ್ಮಾನಕ್ಕೆ ನಮ್ಮೂರಿಗೆ ಪುರಾವೆ ಬೇಕಾಗುವುದಿಲ್ಲ.

ಪೀರ್‌ಬೀ ಮಾತ್ರ, ಗಂಡ ನೀರುಪಾಲಾದ ಎಂದಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇದ್ದು ದುಃಖದ ಗಡುವು ಕಳೆಯಬೇಕು. ಅದಕ್ಕೆ ಇದ್ದತ್ ಎನ್ನುತ್ತಾರೆ. ತಾನು ಇದ್ದತ್ ಕೂರಬೇಕೆಂದು ಅವಳು ಜಮಾತಿನ ಹಿರಿಯ ಮುಕ್ತಿಯಾರ್ ಸಾಬರ ಮುಂದೆ ಹೋಗಿ ನಿಂತಳು.

“ಹೆಣ ಇಲ್ಲ, ಕಂಡವರಿಲ್ಲ. ಹೆಂಗ ಕುಂಡ್ರತಿ ಬೇಟಿ? ಸಾವಿಗೆ ಸಾಕ್ಷಿ ಬೇಕಾಗತೈತಿ,” ಎಂದರು ಅವರು.

ಗಂಡ ಸತ್ತರೆ ಜನ ಮನೆಗೆ ಬಂದು ಅಳುತ್ತಾರೆ. ಬಿಟ್ಟುಹೋದರೆ ಬೆನ್ನ ಹಿಂದೆ ನಗುತ್ತಾರೆ. ಪೀರ್‌ಬೀ ಕೇಳುತ್ತಿದ್ದುದು ಆ ಅಳುವನ್ನು.

ಸಂಕ್ರಾಂತಿಯ ಸುಮಾರಿಗೆ ಎಮ್ಮೆ ಕಾಯುವ ಶಾವಲಿ ಪ್ರಾಣಿಯನ್ನು ಮೊದಲು ಕಂಡ. ಅದೇ ಸೇತುವೆಯ ಕೆಳಗೆ ಕರಿ ಬೆನ್ನೊಂದು ಎದ್ದು, ಹೊರಳಿ, ಮುಳುಗಿತಂತೆ. ಆಮೇಲೆ ಬಹಳ ಮಂದಿಗೆ ಕಂಡಿತು. ಒಬ್ಬ ಮೊಬೈಲಿನಲ್ಲಿ ಹಿಡಿದ. ಅದರಲ್ಲಿ ಮೂಡಿದ್ದು ರಾಡಿ ನೀರು ಮತ್ತು ಅವನದೇ ಹೆಬ್ಬೆರಳು. ಹೊಳೆಯಿಂದ ಬಂದ ಮೊಸಳೆ ಎಂದರು ಕೆಲವರು, ನೀರುನಾಯಿ ಎಂದರು ಕೆಲವರು. ಸತ್ತ ಎಮ್ಮೆ ಎಂದವರೂ ಇದ್ದರು. ಆದರೆ ಸತ್ತ ಎಮ್ಮೆ ತಿಂಗಳುಗಟ್ಟಲೆ ವಾಸನೆಯಿಲ್ಲದೆ ಒಂದೇ ಕಡೆ ಇರುತ್ತದೆಯೇ? ನೀರು ಹೆಚ್ಚು ಬಿಟ್ಟಾಗ ಅದು ಏಳುತ್ತಿತ್ತು, ಕಡಿಮೆಯಾದಾಗ ಅಡಗುತ್ತಿತ್ತು.

ಪೀರ್‌ಬೀ ಗದ್ದೆಯಿಂದ ಬಂದವಳೇ ಶಾವಲಿಯ ಮನೆಗೆ ಹೋಗುತ್ತಿದ್ದಳು.

“ಬಾಯಿ ಎಷ್ಟಿತ್ತಪಾ? ಮನಶ್ಯಾನ್ನ ನುಂಗೂ ಹಂಗ ಇತ್ತನು?”

“ಬಾಯಿ ಕಾಣಲಿಲ್ಲ ಚಾಚಿ, ಬರೇ ಬೆನ್ನು.”

“ಬೆನ್ನ ಅಷ್ಟಿದ್ರ ಬಾಯಿ ಎಷ್ಟಿರಬೇಕು, ನೀನ ಹೇಳು.”

ಶಾವಲಿ ಹೂಂ ಎಂದ. ಆ ಮುಖ ನೋಡಿದರೆ ಯಾರಾದರೂ ಹೂಂ ಎನ್ನಬೇಕು. ಕೊನೆಗೆ ಮುಕ್ತಿಯಾರ್ ಸಾಬರೂ ಮೆತ್ತಗಾಗಿ, ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ನೋಡೋಣ, ಮನುಷ್ಯರನ್ನು ತಿನ್ನುವ ಪ್ರಾಣಿ ಸಿಕ್ಕರೆ ಇದ್ದತ್ ಕೂರು ಎಂದರು.

ಏಪ್ರಿಲಿನಲ್ಲಿ ನೀರು ಇಳಿಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಊರು ಬಡಿಗೆ ಹಿಡಿದು ದಂಡೆಯ ಮೇಲೆ ನಿಂತಿತ್ತು. ಸೇತುವೆಯ ಕೆಳಗೆ, ಜಾಲಿಯ ಬೇರಿಗೆ ಸಿಕ್ಕಿಕೊಂಡು ಅದು ಬಿದ್ದಿತ್ತು. ಶಾವಲಿ ಬಡಿಗೆಯಿಂದ ತಿವಿದ. ಅಲುಗಲಿಲ್ಲ. ಹತ್ತಿರ ಹೋದರೆ, ಮಳೆಗೆ ಹೊದಿಸುವ ಕರಿ ತಾಡಪತ್ರಿಯ ದೊಡ್ಡ ಗಂಟು. ಹಗ್ಗ ಕೊಯ್ದಾಗ ಗಾದಿ, ದಿಂಬು, ಹಳೆ ಸೀರೆ ಹೊಲಿದ ಒಂದು ಕೌದಿ ಹೊರಬಿದ್ದವು.

“ಅಯ್ಯ ಶಿವನ! ನಮ್ಮ ಮಾವನ ಹಾಸಿಗಿರೀ ಇದು!” ಎಂದು ಕಿರಾಣಿ ಅಂಗಡಿಯ ಕಸ್ತೂರೆಮ್ಮ ದಂಡೆಯ ಮೇಲಿಂದ ಕೂಗಿದಳು.

ಅವರ ಮನೆಗಳಲ್ಲಿ ಸತ್ತವರ ಹಾಸಿಗೆಯನ್ನು ಹರಿಯುವ ನೀರಿಗೆ ಬಿಡುತ್ತಾರೆ. ದೀಪಾವಳಿಯ ಹೊತ್ತಿಗೆ ಮಾವ ತೀರಿಕೊಂಡಾಗ, ಚೆಲ್ಲಾಪಿಲ್ಲಿಯಾಗದೆ ದೂರ ಹೋಗಲೆಂದು ತಾಡಪತ್ರಿಯಲ್ಲಿ ಬಿಗಿದು ಕಟ್ಟಿ ಬಿಟ್ಟಿದ್ದರು. ಒಳಗೆ ಗಾಳಿ ಉಳಿದು ಗಂಟು ತೇಲಿತ್ತು, ಬೇರು ಅದನ್ನು ಹಿಡಿದಿತ್ತು. ಜನ ಭಯ ಬಿಟ್ಟು ಹೋ ಎಂದು ನಕ್ಕರು.

ಪೀರ್‌ಬೀ ಕೆಸರಿಗಿಳಿದು ಆ ಒದ್ದೆ ಕೌದಿಯನ್ನೇ ನೋಡುತ್ತ ನಿಂತಳು. ಮುಕ್ತಿಯಾರ್ ಸಾಬರಿಗೆ ನೋಡಲಾಗಲಿಲ್ಲ.

“ಮೊಸಳಿ ಬ್ಯಾರೆ ಕಡೆ ಹೋಗಿರಬೇಕು ಬೇಟಿ. ನೀ ಇದ್ದತ್ ಕುಂಡ್ರು, ನಾ ಸಾಕ್ಷಿ ಆಗ್ತೀನಿ.”

“ಬ್ಯಾಡ್ರಿ ಚಾಚಾ,” ಎಂದಳು ಪೀರ್‌ಬೀ. “ಅವ ಹೋದ ದಿನ ಮನ್ಯಾಗ ಅವನ ಕೌದಿ ಇರಲಿಲ್ಲ. ಯಾರಿಗೂ ಹೇಳಿಲ್ಲ ನಾ. ಸಾಯಾಕ ಹೋಗೋರು ಹಾಸಿಗಿ ಕಟಗೊಂಡು ಹೋಗ್ತಾರೇನ್ರಿ?”

ಕಸ್ತೂರೆಮ್ಮ ಕೆಸರಿಗಿಳಿದು ಅವಳನ್ನು ತಬ್ಬಿಕೊಂಡಳು. ಎಲ್ಲೋ ಬದುಕಿರುವ ಗಂಡನಿಗಾಗಿ ಪೀರ್‌ಬೀ ಅಂದು ಬಾಯಿಬಿಟ್ಟು ಅತ್ತಳು.