ಹಗಲಲ್ಲಿ ಹೇಳಿದ ಕಥೆ

ದೀಪಾವಳಿ ಮುಗಿದು ಬಿಸಿಲಿನ ಸೊಕ್ಕು ಇಳಿದರೆ ಸಾಕು, ನಾವೆಲ್ಲ ಕಮಲಾಪುರದ ಆಯಿಯ ಮನೆಗೆ ಹೊರಡುತ್ತಿದ್ದ ಕಾಲವದು. ಆಯಿ ಎಂದರೆ ಅವ್ವನ ತಾಯಿ. ಅಂಗಳದಲ್ಲಿ ಹಸಿ ತೊಗರಿಕಾಯಿ ಉಪ್ಪುನೀರಲ್ಲಿ ಕುದಿಯುವ ವಾಸನೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತುಟಿ ಒಡೆಸುವ ಒಣ ಥಂಡಿ. ಸಂಜೆಯಾದರೆ ಚಿಗವ್ವಂದಿರ ಮಕ್ಕಳೆಲ್ಲ ಸೇರಿ ಆಯಿಯ ಕಥೆ ಕೇಳುತ್ತಿದ್ದೆವು. ಹಗಲಲ್ಲಿ ಮಾತ್ರ ಆಕೆ ಜಪ್ಪಯ್ಯ ಎಂದರೂ ಹೇಳುತ್ತಿರಲಿಲ್ಲ. ಹಗಲು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ಮನೆಯ ನಂಬಿಕೆ.

ನನಗಾಗ ಒಂಬತ್ತು ವರ್ಷ, ಮೈಯೆಲ್ಲ ಹಟ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕಿದ್ದ ಮಾಮಾ, ಅವ್ವನ ಒಬ್ಬನೇ ತಮ್ಮ, ಆ ಭಾನುವಾರ ಮೂರರ ಬಸ್ಸಿಗೆ ಬರುವವನಿದ್ದ. ಅಷ್ಟರವರೆಗೆ ನನಗೆ ಹೊತ್ತು ಹೋಗಬೇಕಲ್ಲ. ತೊಗರಿಕಾಯಿ ಬಿಡಿಸುತ್ತಿದ್ದ ಆಯಿಯನ್ನು ಗೋಳು ಹೊಯ್ದುಕೊಂಡೆ, ಕಥೆ ಹೇಳದಿದ್ದರೆ ಉಣ್ಣುವುದಿಲ್ಲ ಎಂದು ಹೆದರಿಸಿದೆ. ಆಕೆ ಸೋತು, ದನಿ ತಗ್ಗಿಸಿ ಶುರು ಮಾಡಿದಳು. ಕುಂಬಾರನ ಮಗಳು ಗಡಿಗೆ ಹೊತ್ತು ಅಡವಿ ಹೊಕ್ಕಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅವ್ವ ಕಾಣಿಸಿಕೊಂಡಳು. ಆಯಿ ಅಲ್ಲಿಗೇ ನಿಲ್ಲಿಸಿದಳು.

ಮೂರರ ಬಸ್ಸು ಬಂತು, ಮಾಮಾ ಬರಲಿಲ್ಲ. ಮರುದಿನ ಅಪ್ಪ ಅಂಗಡಿಗೆ ಹೋಗಿ ವಿಚಾರಿಸಿದ. ಮಾಮಾ ಭಾನುವಾರ ಬೆಳಿಗ್ಗೆಯೇ ಕೈಚೀಲ ಹಿಡಿದು ಹೊರಟಿದ್ದನಂತೆ. ಠಾಣೆ, ದವಾಖಾನೆ, ರೈಲು ನಿಲ್ದಾಣ ಎಲ್ಲ ಹುಡುಕಿದ್ದಾಯಿತು. ಮಾಮಾ ಇವತ್ತಿನವರೆಗೂ ಸಿಕ್ಕಿಲ್ಲ.

ಎಂಟನೇ ದಿನ ಅವ್ವ ಎಲ್ಲರೆದುರು ಆಯಿಯನ್ನು ಕೇಳಿದಳು.

"ಹಗಲಾಗ ಕಥಿ ಯಾಕ ಹೇಳ್ದಿ? ಯಾರು ಕೇಳಿದ್ರು ನಿನಗ?"

ನಾನು ಕಂಬ ಹಿಡಿದು ನಿಂತಿದ್ದೆ. ಆಯಿ ನನ್ನತ್ತ ತಿರುಗಿ ನೋಡಲೂ ಇಲ್ಲ.

"ಯಾರೂ ಕೇಳಿಲ್ಲವ್ವ. ನನಗೇ ಹೇಳಬೇಕನಿಸ್ತು, ಹೇಳೀನಿ."

ಆಮೇಲೆ ಆಕೆ ಯಾರಿಗೂ ಕಥೆ ಹೇಳಲಿಲ್ಲ. ಅವ್ವ ಕಮಲಾಪುರಕ್ಕೆ ಹೋಗುವುದನ್ನೇ ಬಿಟ್ಟಳು. ಆಯಿ ಸತ್ತಾಗ ಅವ್ವ ಮಣ್ಣು ಮಾಡಲು ಹೋದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಆ ಹೆಣದ ಮುಂದೆಯಾದರೂ ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಈಗ ನನಗೆ ಐವತ್ತು ದಾಟಿದೆ. ಕಲಬುರಗಿಯ ಶಹಾಬಜಾರದ ಮನೆಯಲ್ಲಿ ಅವ್ವ ನನ್ನ ಜೊತೆಗಿದ್ದಾಳೆ. ಕಥೆಯಿಂದ ಯಾರೂ ದಾರಿ ತಪ್ಪುವುದಿಲ್ಲ ಎಂದು ಗೊತ್ತಿದ್ದೂ ನನ್ನ ಭಯ ಹೋಗಿಲ್ಲ. ಮಾಮಾ ಹೇಗೆ ಕಳೆದುಹೋದನೋ, ದೇವರೇ ಬಲ್ಲ. ಅವ್ವ ತನ್ನ ತಾಯಿಯನ್ನು ಕಳೆದುಕೊಂಡದ್ದು ಮಾತ್ರ ನನ್ನಿಂದ.

ಈ ಸಲ ಥಂಡಿ ಬಿದ್ದ ಮೊದಲ ದಿನ ಅವ್ವ ಕೌದಿ ಹೊದ್ದು ಕೂತು, "ನಮ್ಮವ್ವ ಅವತ್ತ ಬಾಯಿ ಮುಚ್ಕೊಂಡಿದ್ದರ ನನ್ನ ತಮ್ಮ ಬರ್ತಿದ್ದ" ಎಂದಳು.

ಕಥೆ ಹೇಳು ಎಂದು ಕೇಳಿದವಳು ನಾನು ಎನ್ನಲು ಬಾಯಿ ತೆರೆದೆ. "ಹ್ಞೂಂ" ಎಂದೆ.